ಕೊಸರು

ಗಾಂಧಿ ಬಜಾರಿನ ಅಂಗಡಿ ಖಾಲಿ ಮಾಡಿದ ದಿನ
ಗುಜರಿ ದಸ್ತಗೀರ್ ಬ್ಯಾಟರಿ ತಕ್ಕಡಿ ತಂದಿದ್ದ,
ಊಟದ ತಟ್ಟೆಯಷ್ಟಗಲದ್ದು.
ಅಪ್ಪನ ತೂಕದ ಬಟ್ಟುಗಳನ್ನು ಒಂದೊಂದೇ ಇಟ್ಟೆ.

ಐದು ಕೆಜಿಯದು ಐದೇ. ಎರಡರದ್ದು ಎರಡೇ.
ಒಂದರವು ಮಾತ್ರ ಜೋಡಿ, ಅವಳಿ ಮಕ್ಕಳ ಹಾಗೆ,
ಎರಡಕ್ಕೂ ಬುಡದಲ್ಲಿ ಸೀಸದ ಬಿಲ್ಲೆ, ಸರ್ಕಾರದ ಮುದ್ರೆ.

ಗಲ್ಲೆಯ ಪಕ್ಕ ಇರುತ್ತಿದ್ದದ್ದು: ಒಂಬೈನೂರ ಎಂಬತ್ತೈದು.
ಗೋಣಿರಾಶಿಯ ಹತ್ತಿರದ್ದು: ಸಾವಿರದ ಹದಿನೈದು.

ದಸ್ತಗೀರ್ ತಕ್ಕಡಿಯನ್ನೊಮ್ಮೆ ತಟ್ಟಿ ನೋಡಿದ.
ನನಗೆ ತಟ್ಟಬೇಕಿರಲಿಲ್ಲ.
ಹುಂಚದ ಕಡೆಯಿಂದ ಶೀಗೆಕಾಯಿ, ಉಪ್ಪಾಗೆ ಹೊತ್ತು
ಮೊದಲ ಬಸ್ಸಿಗೆ ಬರುತ್ತಿದ್ದ ಹಾಲಮ್ಮ;
ಅವಳದನ್ನು ಅಪ್ಪ ಹಿಂದೆ, ಗೋಣಿಗಳ ಹತ್ತಿರ ತೂಗುತ್ತಿದ್ದ,
ಒಂದು ಅನ್ನದೆ "ಲಾಭ" ಎಂದು ಎಣಿಕೆ ಶುರುಮಾಡಿ.
ಅದೇ ಶೀಗೆಕಾಯಿ ಮಧ್ಯಾಹ್ನದೊಳಗೆ ಮುಂದೆ ಬಂದು
ದುರ್ಗಿಗುಡಿಯ ಟೀಚರಮ್ಮನ ಚೀಲ ಸೇರುತ್ತಿತ್ತು.
ಹಿಂದಿನಿಂದ ಮುಂದಕ್ಕೆ ಹನ್ನೆರಡು ಹೆಜ್ಜೆ.
ಆ ದಾರಿಯಲ್ಲೇ ಕೂತು ಮಗ್ಗಿ ಬಾಯಿಪಾಠ ಮಾಡಿದವಳು ನಾನು.

"ಎರಡನ್ನೂ ಒಟ್ಟಿಗೇ ಇಡಿ ಅಕ್ಕ" ಎಂದ ದಸ್ತಗೀರ್.
ಇಟ್ಟೆ.
ಸರಿಯಾಗಿ ಎರಡು ಕೆಜಿ.
ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ.
ಕೆಜಿಗೆ ಇಪ್ಪತ್ತೆಂಟರಂತೆ ಆ ಜೋಡಿಗೆ ಐವತ್ತಾರು ರೂಪಾಯಿ
ಎಣಿಸಿ ಕೈಗಿಟ್ಟು,
"ಕೊಸರಿಗೆ ಆ ಹಳೇ ಸರಪಳಿ?" ಎಂದ.

ಕೊಟ್ಟೆ.
ಅಪ್ಪನೂ ಹಾಗೇ. ಕೊಸರು ಕೇಳಿದವರಿಗೆ
ಎಂದೂ ಇಲ್ಲ ಎಂದವನಲ್ಲ.
ಹಾಲಮ್ಮನ ಸೆರಗಿಗೆ ಪ್ರತಿಸಲ ಒಂದಚ್ಚು ಬೆಲ್ಲ,
"ಮಕ್ಕಳಿಗೆ" ಎಂದು,
ತೂಗದೆ.