ತೊಂಬತ್ತೆಂಟು

ಗಂಜಿನಲ್ಲಿ ಬೇಳೆ ಮಿಲ್ಲಿನ ಮಾಳಿಗೆ ಮೇಲೆ
ಒಂದು ಕೋಣೆ, ಎಂಟು ಕಂಪ್ಯೂಟರು, ನೀರು ಸೋರುವ ಕೂಲರು.
ಕೆಳಗೆ ಜರಡಿ ಅಲುಗಿದರೆ
ನನ್ನ ಪರದೆಯ ಅಕ್ಷರ ನಡುಗುತ್ತವೆ.
ಅಮೆರಿಕದ ಮಂದಿ ಫೋನಿನಲ್ಲಿ ಏನಂದರೋ
ಅದಕ್ಕೆ ನಾನು ನಂಬರು ಹಾಕುತ್ತೇನೆ,
ಉತ್ತರಕ್ಕೆ ನಲವತ್ತು ಪೈಸೆ.

ಪ್ರಶ್ನೆ ಒಂದೇ, ತಿಂಗಳಿಂದ ಅದೇ:
ಇವತ್ತು ನಿಮ್ಮ ದೇಶಕ್ಕೆ ಎಲ್ಲಕ್ಕಿಂತ ದೊಡ್ಡ ತೊಂದರೆ ಯಾವುದು?
ತುಟ್ಟಿ ಎಂದರೆ ಹನ್ನೊಂದು. ದವಾಖಾನೆಯ ಬಿಲ್ಲು ಹದಿನೇಳು.
ಬಂದೂಕು ಮೂವತ್ತೆರಡು,
ಬೇಕೆಂದವರಿಗೂ ಅದೇ, ಬ್ಯಾಡೆಂದವರಿಗೂ ಅದೇ.
ರಸ್ತೆ, ಸೇತುವೆ, ನೀರಿನ ಪೈಪು ನಲವತ್ತೊಂದು.
ಆ ಪಕ್ಷದವರಿಂದಲೇ ಎಲ್ಲ ಕೆಟ್ಟಿತು ಎಂದರೆ ಐವತ್ತು.
ಐವತ್ತು ಬಹಳ ಬರುತ್ತದೆ.
ತೊಂಬತ್ತೇಳು, ಇತರೆ. ತೊಂಬತ್ತೆಂಟು, ಗೊತ್ತಿಲ್ಲ.
ತೊಂಬತ್ತೊಂಬತ್ತು, ಹೇಳೂದಿಲ್ಲ ಹೋಗು.

ಮೊದಲ ದಿನವೇ ನುಸ್ರತ್ ಅಂದಿದ್ದಳು:
ಓದಬ್ಯಾಡ ಜಗದೇವಿ, ಬರೇ ನೋಡು.
ಓದ್ಕೋತ ಕುಂತ್ರ ಸಂಜಿತನಕ ನೂರೂ ಆಗಲ್ಲ.

ಮಧ್ಯಾಹ್ನ ಚಹಾಕ್ಕೆ ಇಳಿದರೆ
ದಲಾಲಿ ರೇವಣಪ್ಪ ಚೀಲಕ್ಕೆ ಪರಖಿ ಚುಚ್ಚಿ
ಅಂಗೈ ಮೇಲೆ ತೊಗರಿ ಹರವಿ, ಒಂದು ಕಾಳು ಕಚ್ಚಿ
ಇನ್ನೂರು ಚೀಲದ ರೇಟು ಹೇಳಿದ.
ತೂತನ್ನು ಹೆಬ್ಬೆರಳಲ್ಲಿ ತೀಡಿದ. ಗೋಣಿ ಮುಚ್ಚಿಕೊಂಡಿತು.
ಕಾಕಾ, ಸಾವಿರ ಮಂದೀಗಿ ಕೇಳಿ
ಮೂವತ್ಮೂರು ಕೋಟಿ ಮಂದಿ ಮನಸ್ಸು ಹೇಳ್ತಾರ, ಅಂದೆ.
ನಮ್ಮ ದೇವರಷ್ಟ ಆದ್ರಲ್ಲ ಅವ್ರು, ಅಂತ ನಕ್ಕ.
ನಡುವ ಚುಚ್ಚಬೇಕವಾ, ಅಷ್ಟ.
ಮ್ಯಾಲಿಂದು ತೋರ್ಸಲಕ್ಕ ಇಟ್ಟಿದ್ದಿರ್ತದ.

ಅವ್ವನಿಗೆ ಇದನ್ನು ಹೇಳಿದರೆ
ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.
ಅನ್ನ ಇದ್ರ ಒಂದಗಳು ಹಿಚುಕಿದ್ರ ಗಡಿಗಿ ತಿಳೀತದ.
ರೊಟ್ಟಿ ಹಂಗಲ್ಲ.
ಒಂದು ಉಬ್ಬಿತಂತ ಇನ್ನೊಂದು ಉಬ್ಬಲ್ಲ.

ಗುರುವಾರ ಒಂದು ಉತ್ತರ ಓದಿಬಿಟ್ಟೆ.
ಗಂಡಸು, ಐವತ್ತಾರು, ಯಾವುದೋ ಹೊಳೆಯ ದಂಡೆ:
ಸೇತುವೆ ಬಿದ್ದು ಏಳು ವರ್ಷ ಆಯಿತು.
ಆಚೆ ದಂಡೆಗೆ ನನ್ನ ತಂಗಿಯ ಮನೆ.
ಮೊದಮೊದಲು ನಿಂತು ಕೈ ಬೀಸುತ್ತಿದ್ದೆವು.
ಈಗ ಅವಳು ಬೇರೆ ಪಕ್ಷ.

ನಲವತ್ತೊಂದೋ? ಐವತ್ತೋ?
ಎರಡು ಹಾಕಿದರೆ ಯಂತ್ರ ಕೆಂಪಾಗುತ್ತದೆ.
ತೊಂಬತ್ತೇಳು ಹಾಕಲು ಕೈ ಬರಲಿಲ್ಲ;
ಅದು ನಮ್ಮ ಕಸದ ಬುಟ್ಟಿ.
ಪಕ್ಕದಲ್ಲಿ ನುಸ್ರತ್‌ಳ ಕೀಲಿಗಳು ಮಳೆಯಂತೆ ಸುರಿಯುತ್ತಿದ್ದವು.
ನಲವತ್ತೊಂದು ಒತ್ತಿದೆ.
ಸೇತುವೆಯಾದರೆ ಯಾರಾದರೂ ಕಟ್ಟಬಹುದು.

ಆದಿತ್ಯವಾರ ನಮ್ಮ ಓಣಿಗೂ ಬಂದ ಒಬ್ಬ ಹುಡುಗ,
ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಟ್ಯಾಬು, ಸೋತ ಚಪ್ಪಲಿ.
ಮನ್ಯಾಗ ಗಂಡಸರು ಯಾರರೇ ಅದಾರೇನ್ರಿ?
ಇಲ್ಲೆಂದ ಮೇಲೆ ಹಿಟ್ಟುಗೈಯ ಅವ್ವನನ್ನೇ ಕೇಳಿದ,
ಸರ್ಕಾರದ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯ?
ನಮಗೇನ್ ತಿಳೀತದ ತಮ್ಮಾ, ಅಂದಳು.
ಅವನ ಬೆರಳು ಎಲ್ಲಿಗೆ ಹೋಯಿತೆಂದು
ನಾನು ಬಗ್ಗಿ ನೋಡಬೇಕಾಗಿರಲಿಲ್ಲ.

ಅವನು ಮೂಲೆ ತಿರುಗಿದ್ದೇ ತಡ, ಶುರುವಾದಳು.
ನಡುರಾತ್ರಿ ಬರುವ ನೀರು, ಪಿಂಚಣಿಗೆ ಮುಟ್ಟದ ಹೆಬ್ಬೆಟ್ಟು,
ಗಟಾರಿನ ಫರಸಿ ಕಿತ್ತು ಯಾರ ಅಂಗಳಕ್ಕೆ ಹಾಸಿದರು,
ಹೆಸರು ಹಿಡಿದು, ತಾರೀಖು ಹಿಡಿದು,
ಹಂಚಿನ ಮೇಲಿನ ರೊಟ್ಟಿ ಕರ್ರಗಾಗುವ ತನಕ.
ನಾನು ಸುಮ್ಮನೆ ಕೂತೆ.
ನಂಬರು ತಾವಾಗಿ ನಾಲಿಗೆಗೆ ಬಂದವು, ನುಂಗಿದೆ.

ಸೋಮವಾರ. ಕೂಲರು. ಜರಡಿ.
ಮೊದಲ ಸಾಲಿನಲ್ಲಿ ಅರಿಜೋನಾದ ಯಾರೋ ಹೆಂಗಸು
ಗೊತ್ತಿಲ್ಲ ಎಂದು ಫೋನಿಟ್ಟಿದ್ದಾಳೆ.
ಇಟ್ಟ ಮೇಲೆ
ಅಡುಗೆಮನೆಯಲ್ಲಿ ಏನಂದಳೋ.