ಗೋಜು

ರಾತ್ರಿ ಪಾಳಿ. ಮುದಗಲ್ಲಿನ ದವಾಖಾನಿಯೊಳಗೆ
ಸಲಾಯಿನ್ನು ಹನಿಹನಿ ಇಳಿಯುವ ಹೊತ್ತು
ನನ್ನ ಫೋನಿನ ಸೀಳು ಗಾಜಿನೊಳಗೆ
ಎತ್ತಿನ ತಲೆಯವನೊಬ್ಬ ಎದ್ದು ನಿಂತ.

ಹೆಸರು: ಗೋಜು ತೆನ್ನೋ.
ಜಾತಿ: ದೆವ್ವ.

ಗೋಜು ಅಂದರೆ ಜಪಾನಿನಲ್ಲಿ ಎತ್ತಿನ ತಲೆಯಂತೆ.
ನಮ್ಮಲ್ಲಿ, ಹೋಗಬಾರದ ಉಸಾಬರಿ.
ಹೋದೆ. ಓದಿದೆ.

ದೇವರೇ ಇದ್ದನಂತೆ ಇವನು,
ಬೇನೆ ತರುವವನೂ, ಬೇನೆ ತಡೆಯುವವನೂ.
ಬುದ್ಧನ ತೋಟದ ಕಾವಲುಗಾರ ಅಂದರು ಕೆಲವರು,
ಅಲ್ಲ, ನಮ್ಮ ಬಿರುಗಾಳಿಯ ದೇವರೇ ಇವನು ಅಂದರು ಕೆಲವರು,
ಇಬ್ಬರೂ ಒಂದೇ ಗುಡಿಗೆ ಬಂದು ಕೈಮುಗಿದರು.
ಆಮೇಲೊಂದು ಸರಕಾರ ಬಂದು
ಯಾವುದಾದರೂ ಒಂದಾಗು ಅಂತ
ಹೆಸರನ್ನೇ ಅಳಿಸಿಹಾಕಿತು.
ಅಳಿಸಿದ್ದು ಎಲ್ಲೋ ಅಲೆದು, ಕೊನೆಗೆ
ಈ ಆಟದೊಳಗೆ ಕೋಡು ಮೂಡಿಸಿಕೊಂಡಿದೆ.

ಎದೆಯ ಮೇಲಿನ ಬಿಲ್ಲೆ ಮುಟ್ಟಿ ನೋಡಿಕೊಂಡೆ:
ಹುಸೇನಮ್ಮ ಯಂಕಪ್ಪ ನಾಯಕ, ಸ್ಟಾಫ್ ನರ್ಸ್.

ಮೂರು ಕೂಸು ಮಣ್ಣಿಗೆ ಕೊಟ್ಟ ಅವ್ವ
ಅಲಾಯಿ ಕುಣಿಯ ಬದಿಗೆ ನಿಂತು, ಸಕ್ಕರಿ ಓದಿಸಿ,
ಚೌಕಾಸಿ ಮಾಡಿದ್ದಳು:
ಇದೊಂದು ಉಳಿಸು, ನಿನ್ನ ಹೆಸರಿಡತೀನಿ.

ಗಾಜಿನೊಳಗಿಂದ ಅವನು ಕೇಳುತ್ತಿದ್ದಾನೆ:
"ನಿನ್ನ ದಂಡಿಗೆ ಬರತೀನಿ. ಏನು ಕೊಡತೀ?"
ಕೆಳಗೆ ಮೂರು ಉತ್ತರ, ಒಂದು ಒತ್ತಬೇಕು.
ರೊಕ್ಕ. ನೆತ್ತರು. ಏನಿಲ್ಲ.

ನಾಕನೆಯದು ಹುಡುಕುತ್ತಿದ್ದೆ,
ಐದನೇ ಮಂಚದ ಕೂಸು ಕೆಮ್ಮಿತು.
ಫೋನು ಬೋರಲಿಟ್ಟು ಹೋಗಿ ನೋಡಿದೆ,
ಜ್ವರ ನೂರಾ ಎರಡು.
ಚೀಟಿಯಲ್ಲಿ ಬರೆಯಬೇಕಲ್ಲ,
"ಹೆಸರೇನಬೇ?" ಅಂದೆ ತಾಯಿಗೆ.

"ಇನ್ನಾ ಇಟ್ಟಿಲ್ಲರಿ" ಅಂದಳು.