ಏಳನೆಯ ಬಿಳಿಮನೆ

ತಿಂಗಳಿಗೆ ಎಂಟುನೂರು, ವಾರಕ್ಕೆ ಎರಡು ದಿನ,
ಉಗುರು ಕತ್ತರಿಸಿಕೊಂಡು ಬರಬೇಕು –
ಎಸ್ತರ್ ಟೀಚರ ಫಾರ್ಮಿನಲ್ಲಿ ಇಷ್ಟೇ ಷರತ್ತು.
ವಯಸ್ಸು ಎಂಬಲ್ಲಿ ನಲವತ್ತೊಂದು ಎಂದು ಬರೆದು
ಪೋಷಕರ ಸಹಿ ಎಂಬಲ್ಲಿ ಪೆನ್ನು ನಿಂತಿದೆ.
ರಾಯಚೂರು ಬಸ್‌ಸ್ಟ್ಯಾಂಡು. ಶಕ್ತಿನಗರದ ಬಸ್ಸಿಗೆ
ಇನ್ನೂ ಇಪ್ಪತ್ತು ನಿಮಿಷ.

ನಾನು ಕಲಿತವನಲ್ಲ. ನನಗದು ಅಂಟಿಕೊಂಡದ್ದು.
ಕಾಲೋನಿ ಕ್ಲಬ್ಬಿನ ಕೇರಂ ಬೋರ್ಡಿನ ಹಿಂದೆ
ಯಾರೋ ಸಾಹೇಬರು ವರ್ಗವಾದಾಗ ಬಿಟ್ಟುಹೋದ ಪಿಯಾನೋ;
ಮೇಲೆ ಯೂನಿಯನ್ ಬ್ಯಾನರು, ಒಳಗೆ ಇಲಿಯ ಸಂಸಾರ.
ನೈಟ್ ಶಿಫ್ಟು ಮುಗಿದ ಮೇಲೆ ಆರೂವರೆಗೆ
ವಾಚ್‌ಮನ್ ಮಾನಪ್ಪ ಬೀಗ ತೆಗೆಯುತ್ತಿದ್ದ, ಒಂದು ಚಹಾಕ್ಕೆ.

ಮೊದಲು ಬೂದಿ ಒರೆಸಬೇಕು.
ನಮ್ಮೂರಲ್ಲಿ ಬೂದಿ ಕರೆಯದೆ ಬರುವ ನೆಂಟ –
ಹೆಪ್ಪು ಹಾಕಿದ ಮೊಸರಿನ ಮೇಲೆ, ಒಣಹಾಕಿದ ಸೀರೆಯ ಮೇಲೆ,
ಕರಿಮನೆ ಬಿಳಿಮನೆ ಎನ್ನದೆ ಎಲ್ಲದರ ಮೇಲೆ.
ಒರೆಸುವ ಬಟ್ಟೆ ತಾನೇ ಏನೋ ನುಡಿಸುತ್ತಿತ್ತು,
ನಾನು ಅದನ್ನು ಹುಡುಕುತ್ತಾ ಹೋದೆ,
ಬಲಗೈಯ ಮೂರು ಬೆರಳು, ಎಡಗೈಯ ಎರಡು.
ಉಳಿದವು ಬೀಗರ ಮನೆಗೆ ಬಂದವರಂತೆ ಸುಮ್ಮನೆ ಕೂತವು.
ಎಡಗೈ ಕಿರುಬೆರಳಿಗೆ ಮಾತ್ರ ಒಂದು ಕೆಲಸ:
ಒತ್ತಿದರೆ ಏಳದ ನಡುವಿನ ಆ ಒಂದು ಮನೆಯನ್ನು
ಉಗುರಿನಿಂದ ಎತ್ತುವುದು.
ಹೀಗೇ ಹನ್ನೊಂದು ವರ್ಷ.

ಮೊನ್ನೆ ಭಾನುವಾರ ಸ್ಟೇಷನ್ ರಸ್ತೆಯ ಮಹಡಿ ಹತ್ತಿದೆ.
ಪುಟ್ಟ ಚಪ್ಪಲಿಗಳ ಸಾಲಿನಲ್ಲಿ
ನನ್ನ ಸೇಫ್ಟಿ ಶೂ, ಕೆಟ್ಟುನಿಂತ ಲಾರಿಗಳಂತೆ.
ಸ್ಟೂಲಿನ ಎತ್ತರ ಎಂಟು ವರ್ಷದ ಮುಬೀನಾಳದ್ದು.
"ಅಂಕಲ್, ಹೆಬ್ಬೆರಳು ಅಂದ್ರ ಒಂದು. ಅಷ್ಟೂ ಗೊತ್ತಿಲ್ಲೇನು?"

ಬಾರಿಸಿದೆ – ಅಲಾಯಿ ಕುಣಿತದ ಹೆಜ್ಜೆ,
ಕ್ಯಾಂಟೀನು ರೇಡಿಯೋದ ಒಂದು ತೆಲುಗು ಹಾಡು,
ಆಮೇಲೆ ನನ್ನದೇ ಒಂದು, ಹೆಸರಿಲ್ಲದ್ದು.
ಟೀಚರ್ ಚಲೋ ಅನ್ನಲಿಲ್ಲ, ಕೆಟ್ಟ ಅನ್ನಲಿಲ್ಲ.
"ತಾಯಪ್ಪ, ಎಲ್ಲಾನೂ ಇದೊಂದು ಮನ್ಯಾಗಿಂದನ
ಯಾಕ ಶುರು ಮಾಡ್ತೀರಿ?"
ಎಡದಿಂದ ಏಳನೆಯ ಬಿಳಿಮನೆ.
ಗೊತ್ತಿಲ್ಲ ಮೇಡಂ, ಎಂದೆ.
ನಿಜವಾಗಿ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಡ್ಯೂಟಿಯಲ್ಲಿ
ನಿಮಿಷಕ್ಕೆ ಮೂರುಸಾವಿರ ಸುತ್ತು ತಿರುಗುವ
ಟರ್ಬೈನಿನ ಪಕ್ಕ ಕಿವಿಯ ಹತ್ತಿ ತೆಗೆದು ನಿಂತೆ.
ಅಲ್ಲಿತ್ತು.
ಕೂದಲೆಳೆಯಷ್ಟು ಮೇಲೆ, ಆದರೆ ಅದೇ.
ಇಷ್ಟು ವರ್ಷ ನನ್ನ ಬೆನ್ನ ಹಿಂದೆ
ಶ್ರುತಿ ಹಿಡಿದು ಕೂತಿದ್ದವನನ್ನು
ಮೆಷಿನ್ನು ಎಂದೇ ಕರೆಯುತ್ತಿದ್ದೆ.

ಆ ಒಂದು ಪ್ರಶ್ನೆಗೆ ಎಂಟುನೂರು ಹೆಚ್ಚಲ್ಲ.
ಆದರೆ ಆಕೆ ಮಣಿಕಟ್ಟಿನ ಕೆಳಗೆ ಪೆನ್ಸಿಲು ಹಿಡಿದು
"ಇದಕ್ಕ ತಾಗಬಾರದು" ಎಂದಾಗ
ನಾಲ್ಕನೆಯ ಬೆರಳು ಎದ್ದಿತು, ನೋವಿನೊಂದಿಗೆ,
ಜೋಮು ಹಿಡಿದ ಕಾಲು ಎದ್ದಂತೆ.
ಮರುದಿನ ಕ್ಲಬ್ಬಿನಲ್ಲಿ ನನ್ನ ಹಳೆಯ ಹಾಡು ಕುಂಟಿತು.
ಎಲ್ಲಿ ತಪ್ಪುತ್ತಿದೆ ಎಂದು ಮೊದಲ ಸಲ ಕೇಳಿಸಿತು,
ಹಿಂದೆ ಅದೇ ಜಾಗದಲ್ಲಿ ನಾನು ಕಣ್ಣು ಮುಚ್ಚುತ್ತಿದ್ದೆ, ಸುಖಕ್ಕೆ.
ಮಾನಪ್ಪ ಬೀಗ ಹಾಕುತ್ತಾ ಅಂದ:
"ಯಾಕ್ರೀ, ಇವತ್ತ ಬ್ಯಾರೆ ಯಾರೋ ಬಾರಿಸಿದಂಗಾತು."
ಅದು ದೂರೋ, ಹೊಗಳಿಕೆಯೋ
ಅವನ ಮುಖದಲ್ಲಿ ಬರೆದಿರಲಿಲ್ಲ.

ಬಸ್ಸು ಬಂತು. ಫಾರ್ಮು ಮಡಚಿ
ಡಬ್ಬಿಯ ಚೀಲದೊಳಗೆ, ರೊಟ್ಟಿ ಕಟ್ಟಿದ ಬಟ್ಟೆಯ ಪಕ್ಕ ಇಟ್ಟೆ.
ಪೋಷಕರ ಸಹಿ ಖಾಲಿಯಿದೆ.
ಉಗುರು ಮಾತ್ರ ಕತ್ತರಿಸಿದ್ದೇನೆ, ಒಂಬತ್ತು.
ಎಡಗೈ ಕಿರುಬೆರಳಿನದು
ಹಾಗೇ ಇದೆ.